ಎರ್ಬಿಯಂ ಹರಳು ಯಾಕೆ ಮಿಣುಕುವುದಿಲ್ಲ, ಯಾವಾಗ ಮಿಣುಕುತ್ತದೆ

ಬೆಂಗಳೂರಿನ ಟೆಲಿಕಾಂ ಲ್ಯಾಬುಗಳಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ. ಫೈಬರ್ ಆಂಪ್ಲಿಫೈಯರ್ ಡಬ್ಬಿಯ ಮುಚ್ಚಳ ತೆಗೆದು ಕೋಣೆಯ ಲೈಟ್ ಆರಿಸಿದರೆ, ಒಳಗೆ ಸುರುಳಿ ಸುತ್ತಿಟ್ಟ ಗಾಜಿನ ಎಳೆ ಮಂದವಾಗಿ ಹಸಿರು ಹೊಳೆಯುವುದನ್ನು ಕೆಲವರಾದರೂ ಕಂಡಿರುತ್ತಾರೆ. ಆ ಎಳೆಗೆ ಹಸಿರು ಬೆಳಕನ್ನು ಯಾರೂ ಹಾಯಿಸಿಲ್ಲ. ಹಾಯಿಸಿದ್ದು 980 ನ್ಯಾನೋಮೀಟರ್ ತರಂಗಾಂತರದ ಇನ್ಫ್ರಾರೆಡ್ ಲೇಸರ್, ಅದು ಕಣ್ಣಿಗೆ ಕಾಣುವುದಿಲ್ಲ. ಒಳಗೆ ಓಡುವ ಡೇಟಾ 1550 ನ್ಯಾನೋಮೀಟರಿನದು, ಅದೂ ಕಾಣುವುದಿಲ್ಲ. ಹಾಗಾದರೆ ಹಸಿರು ಎಲ್ಲಿಂದ ಬಂತು?

ಗಾಜಿನಲ್ಲಿ ಬೆರೆಸಿದ ಎರ್ಬಿಯಂನಿಂದ. ಬೆಂಗಳೂರಿನಿಂದ ಚೆನ್ನೈ ಕಡೆಗೋ ಮುಂಬೈ ಕಡೆಗೋ ಹೊರಟ ಇಂಟರ್ನೆಟ್ ಬೆಳಕು ದಾರಿಯಲ್ಲಿ ಸೊರಗುತ್ತದೆ. ಎಂಬತ್ತು ನೂರು ಕಿಲೋಮೀಟರಿಗೊಮ್ಮೆ ಅದಕ್ಕೆ ಮತ್ತೆ ಕಸುವು ತುಂಬುವುದು ಈ ಲೋಹ. 1987ರಿಂದ ಈ ತಂತ್ರ ಇದೆ. ಹಸಿರು ಹೊಳಪು ಆ ಕೆಲಸದಲ್ಲಿ ಸೋರಿ ಹೋಗುವ ಶಕ್ತಿ, ಎಂಜಿನಿಯರುಗಳಿಗೆ ಬೇಡವಾದದ್ದು. ಅದೇ ಸೋರಿಕೆಯನ್ನು ಬೇಕಂತಲೇ ಹೆಚ್ಚಿಸಿ, ಕೊರೋನಾ ವೈರಸ್ಸಿನ ಕಾಲುಭಾಗದಷ್ಟು ಅಡ್ಡಳತೆಯ ಹರಳಿನೊಳಗೆ ಕೂರಿಸಿದರೆ ಏನಾಗುತ್ತದೆ ಅನ್ನುವುದೇ ಇಲ್ಲಿನ ವಿಷಯ. ಈ ಹರಳುಗಳಿಗೆ ಒಂದು ಹೆಗ್ಗಳಿಕೆ ಇದೆ: ಇವು ಮಿಣುಕುವುದಿಲ್ಲ, ಅಂದರೆ ನಡುನಡುವೆ ಆರಿ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಅದು ಎಷ್ಟು ನಿಜ, ಯಾಕೆ ನಿಜ, ಎಲ್ಲಿ ಸುಳ್ಳಾಗುತ್ತದೆ ನೋಡೋಣ.

ಎರ್ಬಿಯಂ ರೇರ್ ಅರ್ತ್ ಗುಂಪಿನ ಲೋಹ. 2025ರ ಏಪ್ರಿಲ್‌ನಲ್ಲಿ ಚೀನಾ ಈ ಗುಂಪಿನ ಏಳು ಲೋಹಗಳ ರಫ್ತಿಗೆ ಕಡಿವಾಣ ಹಾಕಿತಲ್ಲ, ಎಲೆಕ್ಟ್ರಿಕ್ ಸ್ಕೂಟರಿನ ಮೋಟರಿಗೆ ಅಯಸ್ಕಾಂತ ಸಿಗುತ್ತಿಲ್ಲ ಅಂತ ಪೇಪರಿನಲ್ಲೆಲ್ಲ ಬಂತಲ್ಲ, ಅದೇ ಗುಂಪು. ಆ ಏಳರಲ್ಲಿ ಯಿಟ್ರಿಯಂ ಕೂಡ ಒಂದು. ನಮಗೂ ಅದು ಬೇಕು, ಯಾಕೆಂದರೆ ಹರಳಿನ ಮೈ ಸೋಡಿಯಂ ಯಿಟ್ರಿಯಂ ಫ್ಲೋರೈಡಿನದು. ಅದರಲ್ಲಿ ಯಿಟ್ರಿಯಂ ಕೂರುವ ಜಾಗಗಳ ಪೈಕಿ ನೂರಕ್ಕೆ ಇಪ್ಪತ್ತರಲ್ಲಿ ಯಿಟರ್ಬಿಯಂ ಅನ್ನುವ ಅದೇ ಗುಂಪಿನ ಮತ್ತೊಂದು ಲೋಹ, ಎರಡರಲ್ಲಿ ಎರ್ಬಿಯಂ ಕೂರಿಸುತ್ತಾರೆ. ಇದು ಬಹಳ ಲ್ಯಾಬುಗಳಲ್ಲಿ ನಡೆಯುವ ಮಾಮೂಲಿ ಪಾಕ. ಕಡಲೆಕಾಯಿ ಎಣ್ಣೆಯಲ್ಲೂ ಧಾರಾಳವಾಗಿ ಇರುವ ಓಲಿಕ್ ಆಸಿಡ್, ಜೊತೆಗೆ ಆಕ್ಟಾಡೆಸೀನ್ ಅನ್ನುವ ಇನ್ನೊಂದು ದ್ರವ. ಅದರಲ್ಲಿ ಲೋಹದ ಲವಣಗಳು, ಸೋಡಿಯಂ, ಫ್ಲೋರೈಡ್ ಹಾಕಿ, ಗಾಳಿ ಸೇರದಂತೆ ಆರ್ಗಾನ್ ಬಿಟ್ಟು, 300 ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ಕಾಯಿಸುತ್ತಾರೆ.

ತೊಳೆದು ತೆಗೆದರೆ ಸಿಗುವುದು ಬಿಳಿ ಪುಡಿ. ಸೈಕ್ಲೋಹೆಕ್ಸೇನಿನಲ್ಲಿ ಕದಡಿದರೆ ತಿಳಿಯಾದ, ಬಣ್ಣವಿಲ್ಲದ ದ್ರವ. ಚಿಕ್ಕ ಸೀಸೆಗೆ ಹಾಕಿ ಪಕ್ಕದಿಂದ 980ರ ಲೇಸರ್ ಬಿಡಿ. ಲೇಸರಿನಿಂದ ಸೀಸೆಯವರೆಗೆ ಗಾಳಿಯಲ್ಲಿ ಏನೂ ಕಾಣುವುದಿಲ್ಲ. ಗಾಜು ದಾಟಿದ ಕೂಡಲೇ ಹಸಿರು ಗೆರೆ ಶುರು, ಆ ಕಡೆಯ ಗಾಜಿನವರೆಗೂ ನೇರವಾಗಿ ಹೋಗಿ ಅಲ್ಲಿಗೆ ಬಂದ್. ಸುರಕ್ಷತೆಯ ಕನ್ನಡಕ ಹಾಕದೆ ಮಾತ್ರ ಈ ಆಟ ಬೇಡ. ಕಾಣದ ಬೆಳಕು ಬಿದ್ದರೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ.

ಈಗ ಲೆಕ್ಕ. 980 ನ್ಯಾನೋಮೀಟರಿನ ಒಂದು ಫೋಟಾನಿನಲ್ಲಿ, ಅಂದರೆ ಬೆಳಕಿನ ಒಂದು ಕಣದಲ್ಲಿ, ಸುಮಾರು 1.27 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದೆ. ಹೊರಗೆ ಬಂದ 540ರ ಹಸಿರಿನಲ್ಲಿ 2.30. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಜಾಸ್ತಿ! ಹೀರಿದ ಬೆಳಕಿಗಿಂತ ಬಿಡುವ ಬೆಳಕಿನ ಶಕ್ತಿ ಕಡಿಮೆ ಇರುತ್ತದೆ ಅಂತ 1852ರಲ್ಲಿ ಜಾರ್ಜ್ ಸ್ಟೋಕ್ಸ್ ಹೇಳಿದ್ದ. ಇದಕ್ಕೆ ಅಪವಾದಗಳು ಮೊದಲೇ ಗೊತ್ತಿದ್ದವು. ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮದಲ್ಲೂ ಇಂಥ ಗೆರೆಗಳಿವೆ, ಅಲ್ಲಿ ಅಣುವಿನ ಕಂಪನದಿಂದ ಸ್ವಲ್ಪ ಶಕ್ತಿ ಸಾಲ ಬರುತ್ತದೆ. ಇಲ್ಲಿ ಕೊರತೆ ಬಿದ್ದಿರುವುದು ಅಂಥ ಚಿಲ್ಲರೆ ಅಲ್ಲ. ಹಾಗಾಗಿ ಉತ್ತರ ಒಂದೇ: ಎರಡು ಫೋಟಾನ್ ಸೇರಬೇಕು. ಎರಡರದ್ದು 2.53, ಹಸಿರಿಗೆ ಕೊಟ್ಟದ್ದು 2.30, ಉಳಿದ 0.23 ಹರಳಿನಲ್ಲಿ ಶಾಖವಾಗಿ ಹೋಯಿತು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಹಸಿರು ಲೇಸರ್ ಪಾಯಿಂಟರುಗಳಲ್ಲೂ ಬಹಳಷ್ಟು ಇನ್ಫ್ರಾರೆಡ್‌ನಿಂದಲೇ ಹಸಿರು ಮಾಡುತ್ತವೆ. 808ರ ಬೆಳಕು ನಿಯೋಡಿಮಿಯಂ ಹರಳಿಗೆ ಬಿದ್ದು 1064 ಆಗುತ್ತದೆ, ಅದು ಮತ್ತೊಂದು ಹರಳಿನಲ್ಲಿ ಸರಿಯಾಗಿ ಅರ್ಧವಾಗಿ 532 ಆಗುತ್ತದೆ. ನಮ್ಮ ಸೀಸೆಯಲ್ಲೂ ಅದೇ ನಡೆದಿದೆ ಅಂತ ಹಲವರು ತಿಳಿಯುತ್ತಾರೆ. ಹಾಗಿದ್ದಿದ್ದರೆ 980ರ ಅರ್ಧ 490 ಬರಬೇಕಿತ್ತು, ನೀಲಿ ಕಡೆಯ ಬಣ್ಣ. ಬಂದದ್ದು 540. ಪಾಯಿಂಟರಿನಲ್ಲಿ ಎರಡು ಫೋಟಾನುಗಳು ಒಂದೇ ಕ್ಷಣಕ್ಕೆ ಸಿಕ್ಕರೆ ಮಾತ್ರ ಕೆಲಸ. ಇಲ್ಲಿ ಮೊದಲನೆಯದು ಬಂದು ಎರಡನೆಯದಕ್ಕೆ ಕಾಯುತ್ತದೆ. ಆ ಕಾಯುವಿಕೆಯಲ್ಲೇ ಎಲ್ಲ ಇದೆ.

ಯಿಟರ್ಬಿಯಂ ಅಯಾನಿಗೆ, ಅಂದರೆ ಕೆಲವು ಎಲೆಕ್ಟ್ರಾನ್ ಕಳೆದುಕೊಂಡ ಅದರ ಪರಮಾಣುವಿಗೆ, ಈ ವ್ಯವಹಾರದಲ್ಲಿ ಎರಡೇ ಶಕ್ತಿಯ ಮಟ್ಟ: ಕೆಳಗಿನದು, ಮೇಲಿನದು. ನಡುವಿನ ಅಂತರ ಸರಿಯಾಗಿ 980ರ ಹತ್ತಿರ. ಎರ್ಬಿಯಂ ಕೂಡ 980 ಹೀರುತ್ತದೆ, ಆದರೆ ಅದರ ಹಸಿವು ಕಡಿಮೆ, ಸಂಖ್ಯೆಯೂ ಕಡಿಮೆ. ಅದೃಷ್ಟವೆಂದರೆ ಎರ್ಬಿಯಂನ ಒಂದು ಮಟ್ಟ ಯಿಟರ್ಬಿಯಂನ ಮೇಲಿನ ಮಟ್ಟದಷ್ಟೇ ಎತ್ತರದಲ್ಲಿದೆ, ಅದರ ಎರಡರಷ್ಟು ಎತ್ತರದಲ್ಲಿ ಮತ್ತೊಂದಿದೆ. ಹಾಗಾಗಿ ಯಿಟರ್ಬಿಯಂ ಹೀರುತ್ತದೆ, ಪಕ್ಕದ ಎರ್ಬಿಯಂಗೆ ದಾಟಿಸುತ್ತದೆ. ಇನ್ನೊಂದು ಯಿಟರ್ಬಿಯಂ ಇನ್ನೊಂದು ಸಲ ದಾಟಿಸುತ್ತದೆ. ಎರ್ಬಿಯಂ ಎರಡು ಮಟ್ಟ ಏರಿ, ಸ್ವಲ್ಪ ಜಾರಿ, ಹಸಿರು ಬಿಡುತ್ತದೆ. ಮೊದಲನೇ ಏರಿಕೆ ಆದಮೇಲೆಯೇ ಒಂದು ಮಟ್ಟ ಜಾರಿಬಿಟ್ಟಿದ್ದರೆ, ಎರಡನೇ ಏರಿಕೆ ಸ್ವಲ್ಪ ಕೆಳಗೆ ನಿಂತು 655ರ ಕೆಂಪು ಬರುತ್ತದೆ. ಎರ್ಬಿಯಂ ಬದಲು ಅದೇ ಗುಂಪಿನ ಥೂಲಿಯಂ ಹಾಕಿದರೆ 475ರ ನೀಲಿ. ಅದರ ಶಕ್ತಿ 2.61, ಎರಡು ಫೋಟಾನಿನ 2.53 ಸಾಲುವುದಿಲ್ಲ, ಹಾಗಾಗಿ ಮೂರು ಬೇಕು.

ಒಂದು ಅಯಾನಿನಿಂದ ಇನ್ನೊಂದಕ್ಕೆ ಶಕ್ತಿ ದಾಟಿಸಿ ಹೀಗೆ ಮೇಲೇರಿಸಬಹುದು ಅಂತ 1966ರಲ್ಲಿ ತೋರಿಸಿದವರು ಫ್ರಾನ್ಸಿನ ಫ್ರಾಂಸ್ವಾ ಓಜೆಲ್. ನ್ಯಾನೋ ಅನ್ನುವ ಮಾತು ಫ್ಯಾಷನ್ ಆಗುವ ಎಷ್ಟೋ ವರ್ಷ ಮೊದಲಿನ ಕೆಲಸ ಇದು.

ಆದರೆ ಮೊದಲನೇ ಮಟ್ಟದಲ್ಲಿ ಎಲೆಕ್ಟ್ರಾನ್ ಯಾಕೆ ಕಾಯುತ್ತದೆ? ಸಾಮಾನ್ಯ ಬಣ್ಣದ ಅಣುವಿನಲ್ಲಿ ಮೇಲೇರಿದ ಎಲೆಕ್ಟ್ರಾನ್ ಕೆಲವೇ ನ್ಯಾನೋಸೆಕೆಂಡಿನಲ್ಲಿ ಕೆಳಗಿಳಿದುಬಿಡುತ್ತದೆ. ಯಿಟರ್ಬಿಯಂನಲ್ಲಿ ಅದು ಮಿಲಿಸೆಕೆಂಡಿನ ಲೆಕ್ಕ. ಲಕ್ಷಗಟ್ಟಲೆ ಪಟ್ಟಿನ ವ್ಯತ್ಯಾಸ.

ಕಾರಣ ಪರಮಾಣುವಿನ 4ಎಫ್ ಅನ್ನುವ ಕವಚದ ಎಲೆಕ್ಟ್ರಾನುಗಳು. ಹರಳಿನಲ್ಲಿ ಕೂತ ಎರ್ಬಿಯಂ ಮೂರು ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ, 4ಎಫ್‌ನಲ್ಲಿ ಹನ್ನೊಂದು ಉಳಿದಿರುತ್ತವೆ. ಬೆಳಕಿನ ಕೆಲಸವೆಲ್ಲ ಇವುಗಳದ್ದೇ. ವಿಚಿತ್ರ ಏನೆಂದರೆ ಇವು ಅಯಾನಿನ ಹೊರ ಅಂಚಿನಲ್ಲಿಲ್ಲ. ಇವುಗಳ ಹೊರಗೆ ತುಂಬಿದ 5ಎಸ್, 5ಪಿ ಕವಚಗಳಿವೆ. ಅಕ್ಕಪಕ್ಕದ ಫ್ಲೋರೈಡುಗಳು ಏನೇ ಗಲಾಟೆ ಮಾಡಲಿ, ಒಳಗಿರುವ ಇವುಗಳಿಗೆ ಅಷ್ಟಾಗಿ ತಟ್ಟುವುದಿಲ್ಲ. ಹಾಗಾಗಿಯೇ ಎರ್ಬಿಯಂ ಫೈಬರಿನ ಗಾಜಿನಲ್ಲಿದ್ದರೂ, ಫ್ಲೋರೈಡಿನಲ್ಲಿದ್ದರೂ, ಹರಳು ದೊಡ್ಡದಿರಲಿ ಚಿಕ್ಕದಿರಲಿ, ಹಸಿರು ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ.

ಇನ್ನೊಂದು ವಿಷಯ ಇದೆ, ಅದು ಸ್ವಲ್ಪ ಸೂಕ್ಷ್ಮ. ಬೆಳಕಿನ ಜೊತೆ ಸಲೀಸಾಗಿ ವ್ಯವಹರಿಸಬೇಕಾದರೆ ಎಲೆಕ್ಟ್ರಾನ್ ಮೋಡದ ಸಮ್ಮಿತಿ ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಗಬೇಕು. 4ಎಫ್‌ನಿಂದ ಹೊರಟು 4ಎಫ್‌ಗೇ ಬಂದರೆ ಆ ಬದಲಾವಣೆ ಆಗುವುದಿಲ್ಲ. ಪುಸ್ತಕದ ನಿಯಮ ಹಿಡಿದರೆ ಇಂಥ ಜಿಗಿತದಲ್ಲಿ ಬೆಳಕು ಬರಲೇಬಾರದು. ಅಯಾನಿನ ಸುತ್ತ ಹರಳು ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಇಲ್ಲದಿರುವುದರಿಂದ ನಿಯಮ ಸ್ವಲ್ಪ ಸಡಿಲಗೊಳ್ಳುತ್ತದೆ, ಬೆಳಕು ತೊಟ್ಟಿಕ್ಕುತ್ತದೆ. ಎಷ್ಟು ಸಡಿಲ ಅನ್ನುವುದನ್ನು 1962ರಲ್ಲಿ ಬ್ರಯನ್ ಜಡ್ ಮತ್ತು ಜಾರ್ಜ್ ಓಫೆಲ್ಟ್ ಬೇರೆ ಬೇರೆಯಾಗಿ ಲೆಕ್ಕ ಹಾಕಿದರು. ಆ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ.

ಅಂದರೆ ಒಳಗೆ ಅಡಗಿದ, ಇಳಿಯಲು ಅವಕಾಶ ಕಡಿಮೆ ಇರುವ ಎಲೆಕ್ಟ್ರಾನ್. ಇಳಿಯಲು ತಡವಾಗುವುದರಿಂದಲೇ ಎರಡನೇ ಫೋಟಾನಿಗೆ ಕಾಯಲು ಸಾಧ್ಯ, ಅದರಿಂದಲೇ ದುಬಾರಿ ಪಲ್ಸ್ ಲೇಸರ್ ಬೇಡ, ಸಾಮಾನ್ಯ ಡಯೋಡ್ ಸಾಕು. 980ರ ಡಯೋಡ್ ಸುಲಭವಾಗಿ ಸಿಗುವುದಕ್ಕೆ ಕೂಡ ಟೆಲಿಕಾಂನವರಿಗೇ ಥ್ಯಾಂಕ್ಸ್ ಹೇಳಬೇಕು.

ಇನ್ನು ಮಿಣುಕುವ ವಿಷಯ. ಇದಕ್ಕೆ ಮೊದಲು ಕ್ವಾಂಟಮ್ ಡಾಟ್ ಕಡೆ ಹೋಗಬೇಕು, 2023ರ ರಸಾಯನಶಾಸ್ತ್ರದ ನೊಬೆಲ್ ಬಂದ ಅದೇ ಡಾಟ್. ಇವು ಕ್ಯಾಡ್ಮಿಯಂ ಸೆಲೆನೈಡಿನಂಥ ಸೆಮಿಕಂಡಕ್ಟರಿನ ಪುಟ್ಟ ಹರಳುಗಳು. ಗಾಜಿನ ಮೇಲೆ ತೆಳುವಾಗಿ ಹರಡಿ, ಒಂದೊಂದೇ ಕಣವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಅವು ಉರಿಯುತ್ತವೆ, ಆರುತ್ತವೆ, ಮತ್ತೆ ಉರಿಯುತ್ತವೆ. ಲೇಸರ್ ಮಾತ್ರ ಒಂದೇ ಸಮ ಬೀಳುತ್ತಿರುತ್ತದೆ. 1996ರಲ್ಲಿ ಇದನ್ನು ವರದಿ ಮಾಡಿದ ತಂಡದಲ್ಲಿ ಮುಂದೆ ನೊಬೆಲ್ ಪಡೆದ ಲೂಯಿ ಬ್ರೂಸ್ ಮತ್ತು ಮೌಂಗಿ ಬವೆಂಡಿ ಇಬ್ಬರೂ ಇದ್ದರು. ಸೀಸೆ ತುಂಬ ಡಾಟ್ ಇದ್ದಾಗ ಇದು ಯಾರಿಗೂ ಗೊತ್ತಾಗುವುದಿಲ್ಲ, ಕೋಟಿಗಟ್ಟಲೆ ಕಣಗಳ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ.

ಮರುವರ್ಷ ಎಫ್ರೋಸ್ ಮತ್ತು ರೋಸೆನ್ ಅನ್ನುವ ವಿಜ್ಞಾನಿಗಳು ಒಂದು ವಿವರಣೆ ಕೊಟ್ಟರು. ಡಾಟ್‌ನಲ್ಲಿ ಬೆಳಕು ಬಿದ್ದಾಗ ಹುಟ್ಟುವ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗ, ಎರಡೂ ಇಡೀ ಹರಳಿನ ತುಂಬ ಹರಡಿಕೊಂಡಿರುತ್ತವೆ. ಮೇಲ್ಮೈ ಕೂಡ ಅವುಗಳಿಗೆ ಸಿಗುತ್ತದೆ. ಯಾವಾಗಲೋ ಒಂದು ಸಲ ಒಂದು ಎಲೆಕ್ಟ್ರಾನ್ ಹೊರಗಿನ ಯಾವುದೋ ಗುಂಡಿಗೆ ಬಿದ್ದು ಸಿಕ್ಕಿಹಾಕಿಕೊಂಡರೆ, ಹರಳಿನಲ್ಲಿ ಒಂದು ವಿದ್ಯುದಂಶ ಹೆಚ್ಚುವರಿಯಾಗಿ ಉಳಿಯುತ್ತದೆ. ಆಮೇಲೆ ಹುಟ್ಟುವ ಪ್ರತಿಯೊಂದು ಜೋಡಿಯೂ ತನ್ನ ಶಕ್ತಿಯನ್ನು ಬೆಳಕಾಗಿ ಬಿಡುವ ಮೊದಲೇ ಈ ಹೆಚ್ಚುವರಿಗೆ ಕೊಟ್ಟುಬಿಡುತ್ತದೆ. ಡಾಟ್ ಕತ್ತಲಾಯಿತು. ಸಿಕ್ಕಿಬಿದ್ದ ಎಲೆಕ್ಟ್ರಾನ್ ವಾಪಸ್ ಬರುವವರೆಗೆ ಹಾಗೇ. ಎಲ್ಲ ಬ್ಲಿಂಕಿಂಗೂ ಇಷ್ಟೇ ಕಾರಣದಿಂದ ಆಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು, ಆದರೆ ಮೂಲ ಚಿತ್ರ ಇದೇ.

ಇದರಲ್ಲಿ ನನಗೆ ಅತ್ಯಂತ ಕುತೂಹಲ ಅನ್ನಿಸುವುದು ಕತ್ತಲಿನ ಅವಧಿ. ಸರಾಸರಿ ಎಷ್ಟು ಹೊತ್ತು ಆರಿರುತ್ತದೆ ಅಂತ ಕೇಳಿದರೆ ಉತ್ತರವೇ ಇಲ್ಲ. ಮಿಲಿಸೆಕೆಂಡಿನದೂ ಇವೆ, ನಿಮಿಷಗಟ್ಟಲೆಯದೂ ಇವೆ, ಯಾವುದೂ ಮಾಮೂಲಿ ಅಲ್ಲ. ನೀವು ಹೆಚ್ಚು ಹೊತ್ತು ನೋಡಿದಷ್ಟೂ ಇನ್ನೂ ಉದ್ದದ ಕತ್ತಲು ಸಿಗುತ್ತದೆ, ಸರಾಸರಿಯೂ ಮೇಲೆ ಹೋಗುತ್ತಲೇ ಇರುತ್ತದೆ. ಒಂದೇ ಕಣದ ಹಿಂದೆ ಬಿದ್ದು ಜೀವಕೋಶದೊಳಗೆ ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಿರುವವರಿಗೆ ಇದು ದೊಡ್ಡ ತಲೆನೋವು. ಡಾಟ್ ಆರಿ, ಒಂದು ನಿಮಿಷ ಆದಮೇಲೆ ಪಕ್ಕದಲ್ಲೊಂದು ಚುಕ್ಕಿ ಹೊತ್ತಿಕೊಂಡರೆ ಅದು ಅದೇನಾ ಬೇರೆಯಾ? ಡಾಟ್ ಸುತ್ತ ದಪ್ಪ ಚಿಪ್ಪು ಬೆಳೆಸಿ ಮಿಣುಕುವುದನ್ನು ಬಹಳ ಕಡಿಮೆ ಮಾಡಬಹುದು ಅಂತ 2008ರಲ್ಲಿ ಗೊತ್ತಾಯಿತು, ಆದರೆ ಗಾತ್ರ ಹೆಚ್ಚಾಗುತ್ತದೆ.

ರೇರ್ ಅರ್ತ್ ಹರಳನ್ನು ಇದೇ ರೀತಿ ಒಂದೊಂದಾಗಿ ನೋಡಿ 2009ರಲ್ಲಿ ವರದಿ ಮಾಡಿದ್ದು ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬಿನ ತಂಡ. ಮಿಲಿಸೆಕೆಂಡ್ ಮಟ್ಟದವರೆಗೆ ಆರುವ ಲಕ್ಷಣ ಇಲ್ಲ. ಒಂದು ಗಂಟೆ ಎಡೆಬಿಡದೆ ಲೇಸರ್ ಬಿದ್ದರೂ ಹೊಳಪು ಕುಂದಿಲ್ಲ. ಸಾಮಾನ್ಯ ಬಣ್ಣದ ಅಣುವಾದರೆ ಅಷ್ಟು ಹೊತ್ತಿಗೆ ಸುಟ್ಟು ಹೋಗಿರುತ್ತಿತ್ತು.

ಇದಕ್ಕೆ ಎರಡು ಕಾರಣ. ಮೊದಲನೆಯದು ಮೇಲೆ ಹೇಳಿದ್ದೇ. ಸೋಡಿಯಂ ಯಿಟ್ರಿಯಂ ಫ್ಲೋರೈಡ್ ಒಳ್ಳೆಯ ಇನ್ಸುಲೇಟರ್, 980ರ ಫೋಟಾನಿಗೆ ಅದರಲ್ಲಿ ಓಡಾಡುವ ವಿದ್ಯುದಂಶ ಹುಟ್ಟಿಸುವ ತಾಕತ್ತು ಇಲ್ಲ. ಶಕ್ತಿ ಒಂದು ಅಯಾನಿನಿಂದ ಇನ್ನೊಂದಕ್ಕೆ ದಾಟುತ್ತದೆ, ಎಲೆಕ್ಟ್ರಾನ್ ದಾಟುವುದಿಲ್ಲ. ಎಲೆಕ್ಟ್ರಾನ್ ತನ್ನ ಅಯಾನು ಬಿಟ್ಟು ಹೋಗದಿದ್ದಮೇಲೆ ಹೊರಗಿನ ಗುಂಡಿಗೆ ಬೀಳುವುದೆಲ್ಲಿಂದ ಬಂತು?

ಎರಡನೆಯದು ತಲೆ ಎಣಿಕೆ. ಇದನ್ನು ನಾವೇ ಮಾಡಬಹುದು. ಈ ಹರಳಿನ ಷಟ್ಕೋನ ರೂಪದಲ್ಲಿ ಒಂದು ಘನ ನ್ಯಾನೋಮೀಟರಿಗೆ ಸುಮಾರು 14 ಯಿಟ್ರಿಯಂ ಜಾಗಗಳಿರುತ್ತವೆ. 25 ನ್ಯಾನೋಮೀಟರ್ ಅಡ್ಡಳತೆಯ ಗುಂಡಗಿನ ಹರಳಿನ ಗಾತ್ರ ಸುಮಾರು 8,200 ಘನ ನ್ಯಾನೋಮೀಟರ್. ಗುಣಿಸಿದರೆ ಒಂದು ಲಕ್ಷ ಹದಿನಾಲ್ಕು ಸಾವಿರದಷ್ಟು ಜಾಗ. ನೂರಕ್ಕೆ ಇಪ್ಪತ್ತು ಅಂದರೆ ಯಿಟರ್ಬಿಯಂ 22 ಸಾವಿರದ ಮೇಲೆ, ನೂರಕ್ಕೆ ಎರಡು ಅಂದರೆ ಎರ್ಬಿಯಂ 2,200ರ ಮೇಲೆ. ಮೈಕ್ರೋಸ್ಕೋಪಿನಲ್ಲಿ ನೀವು ಒಂದು ಚುಕ್ಕಿ ಅಂದುಕೊಂಡು ನೋಡುತ್ತಿರುವುದು ಎರಡು ಸಾವಿರ ಬೇರೆ ಬೇರೆ ದೀಪಗಳನ್ನು.

ರಾತ್ರಿ ಹೆಬ್ಬಾಳ ಫ್ಲೈಓವರ್ ಮೇಲಿಂದ ದೂರದ ದೊಡ್ಡ ಅಪಾರ್ಟ್‌ಮೆಂಟ್ ನೋಡಿ. ಪ್ರತಿ ಮನೆಯಲ್ಲೂ ಯಾರೋ ಲೈಟ್ ಹಾಕುತ್ತಿರುತ್ತಾರೆ, ಯಾರೋ ಆರಿಸುತ್ತಿರುತ್ತಾರೆ, ಇಡೀ ಕಟ್ಟಡದ ಹೊಳಪು ಮಾತ್ರ ಹಾಗೇ ಇರುತ್ತದೆ. ಎರ್ಬಿಯಂ ಹರಳು ಇದು. ಕ್ವಾಂಟಮ್ ಡಾಟ್ ಅಂದರೆ ಇಡೀ ಕಟ್ಟಡಕ್ಕೆ ಒಂದೇ ಫ್ಯೂಸ್.

ಹಾಗಾದರೆ ಎಲ್ಲರೂ ಡಾಟ್ ಬಿಟ್ಟು ಇದನ್ನೇ ಯಾಕೆ ಬಳಸುವುದಿಲ್ಲ? ಮಂಕು ಅಂತ. ಇದನ್ನು ಮಾತ್ರ ಈ ಹರಳುಗಳ ಅಭಿಮಾನಿಗಳು ಮೆಲ್ಲಗೆ ಹೇಳುತ್ತಾರೆ. ಡಾಟ್ ಒಂದು ಸಲ ಬೆಳಕು ಬಿಡಲು ತೆಗೆದುಕೊಳ್ಳುವುದು ಸುಮಾರು 20 ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ ಐದು ಕೋಟಿ ಫೋಟಾನ್. ಎರ್ಬಿಯಂನ ಹಸಿರಿಗೆ ಅರ್ಧ ಮಿಲಿಸೆಕೆಂಡ್ ಅಂತ ಇಟ್ಟುಕೊಂಡರೆ ಸೆಕೆಂಡಿಗೆ ಹೆಚ್ಚೆಂದರೆ ಎರಡು ಸಾವಿರ. ಹಾಗಾಗಿ ಒಂದು ಡಾಟ್‌ಗೆ ಸಮ ಆಗಲು 25 ಸಾವಿರ ಎರ್ಬಿಯಂ ಬೇಕು, ನಮ್ಮ ಹರಳಿನಲ್ಲಿರುವುದು 2,200. ಕಾಯುವ ಗುಣ ಒಂದು ಕಡೆ ವರ, ಇನ್ನೊಂದು ಕಡೆ ಶಾಪ. ಎರ್ಬಿಯಂ ಜಾಸ್ತಿ ತುಂಬಿದರೆ ಆಗಲ್ವಾ ಅಂದರೆ, ಸುಮ್ನೆ ತುಂಬಿದರೆ ಅಕ್ಕಪಕ್ಕದ ಎರ್ಬಿಯಂಗಳು ಶಕ್ತಿಯನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಪೋಲು ಮಾಡುತ್ತವೆ. ನೂರಕ್ಕೆ ಎರಡು ಅನ್ನುವ ಪಾಕ ಬಂದದ್ದು ಹಾಗೆ. ಆದರೆ ಆ ಪಾಕ ಕಡಿಮೆ ಬೆಳಕಿನಲ್ಲಿ ಸೀಸೆ ನೋಡಿ ಮಾಡಿದ್ದು. ಲೇಸರನ್ನು ಒಂದೇ ಕಣದ ಮೇಲೆ ಬಿಗಿಯಾಗಿ ಫೋಕಸ್ ಮಾಡಿದಾಗ ಲೆಕ್ಕ ತಲೆಕೆಳಗಾಗುತ್ತದೆ, ನೂರಕ್ಕೆ ಇಪ್ಪತ್ತು ಎರ್ಬಿಯಂ ಇರುವ ಹರಳೇ ಹೆಚ್ಚು ಹೊಳೆಯುತ್ತದೆ ಅಂತ ಬರ್ಕ್ಲಿಯ ತಂಡವೇ 2014ರಲ್ಲಿ ತೋರಿಸಿತು.

ಮಂಕಾದರೂ ಕೆಲವು ಕಡೆ ಇದೇ ಬೇಕು. ಜೀವಕೋಶ, ಚರ್ಮ, ರಕ್ತ ಯಾವುದೂ ಇನ್ಫ್ರಾರೆಡ್ ತಿಂದು ಹಸಿರು ಉಗುಳುವುದಿಲ್ಲ. ಹಾಗಾಗಿ ಹಿನ್ನೆಲೆ ಪೂರ್ತಿ ಕತ್ತಲು, ಕಂಡ ಹಸಿರೆಲ್ಲ ನಿಮ್ಮ ಹರಳಿನದೇ. 980 ಮಾತ್ರ ನೀರಿಗೆ ಸ್ವಲ್ಪ ಹೀರಿಕೆಯಾಗಿ ಬಿಸಿ ಮಾಡುತ್ತದೆ, ಅದಕ್ಕೆ ನಿಯೋಡಿಮಿಯಂ ಸೇರಿಸಿ 808ರಲ್ಲಿ ಕೆಲಸ ಮಾಡುವ ಹರಳುಗಳೂ ಇವೆ.

ಈಗ ಹರಳನ್ನು ಕುಗ್ಗಿಸುತ್ತಾ ಹೋಗೋಣ. 10 ನ್ಯಾನೋಮೀಟರಿಗೆ ಬಂದರೆ ಅದೇ ಪಾಕದಲ್ಲಿ ಎರ್ಬಿಯಂ 150ರ ಆಸುಪಾಸು. 5ಕ್ಕೆ ಬಂದರೆ ಹದಿನೆಂಟೇ. ಇಲ್ಲಿ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಒಂದು, ಮೇಲ್ಮೈ. ಯಿಟರ್ಬಿಯಂನಿಂದ ಯಿಟರ್ಬಿಯಂಗೆ ಶಕ್ತಿ ಸುತ್ತಾಡುತ್ತಾ ಮೇಲ್ಮೈ ತಲುಪಿದರೆ, ಅಲ್ಲಿ ಅಂಟಿಕೊಂಡ ಓಲಿಕ್ ಆಸಿಡೋ ನೀರೋ ಅದನ್ನು ಕಂಪನವಾಗಿ ನುಂಗುತ್ತದೆ. ಚಿಕ್ಕ ಹರಳಿನಲ್ಲಿ ಎಲ್ಲ ಅಯಾನುಗಳೂ ಮೇಲ್ಮೈ ಹತ್ತಿರವೇ. ಇದಕ್ಕೆ ಮದ್ದು, ಹರಳಿನ ಸುತ್ತ ಕೆಲವು ನ್ಯಾನೋಮೀಟರ್ ದಪ್ಪದ, ಎರ್ಬಿಯಂ ಯಿಟರ್ಬಿಯಂ ಎರಡೂ ಇಲ್ಲದ ಖಾಲಿ ಚಿಪ್ಪು. ಎರಡು, ಎಣಿಕೆ. 2,200 ದೀಪಗಳು ತಮ್ಮಷ್ಟಕ್ಕೆ ಹೊತ್ತಿ ಆರುತ್ತಿದ್ದರೆ ಒಟ್ಟು ಹೊಳಪಿನ ಏರಿಳಿತ ನೂರಕ್ಕೆ ಎರಡರಷ್ಟು. ಹದಿನೆಂಟೇ ಇದ್ದರೆ ನೂರಕ್ಕೆ ಇಪ್ಪತ್ನಾಲ್ಕರ ಹತ್ತಿರ.

ಒಂದೇ ಒಂದು ಅಯಾನು ಉಳಿದರೆ? ಆಗ ಅದು ಮಿಣುಕಲೇಬೇಕು. ಇದು ಗುಂಡಿಗೆ ಬಿದ್ದ ವಿದ್ಯುದಂಶದ ಮಿಣುಕಲ್ಲ, ಎಷ್ಟು ಶುದ್ಧ ಹರಳು ಮಾಡಿದರೂ ಹೋಗುವುದಿಲ್ಲ. ಎಲೆಕ್ಟ್ರಾನ್ ಬೇಗ ಬೆಳಕು ಬಿಡುವ ಮಟ್ಟಗಳ ನಡುವೆ ಓಡಾಡುತ್ತಿದ್ದಾಗ ಅಯಾನು ಉರಿಯುತ್ತದೆ. ಅಪರೂಪಕ್ಕೊಮ್ಮೆ ನಿಧಾನದ ಮಟ್ಟಕ್ಕೆ ಹೋಗಿ ಕೂತರೆ, ಎದ್ದು ಬರುವವರೆಗೆ ಕತ್ತಲು. ಇದನ್ನು ಕ್ವಾಂಟಮ್ ಜಿಗಿತ ಅನ್ನುತ್ತಾರೆ. 1975ರಲ್ಲಿ ಹ್ಯಾನ್ಸ್ ಡೆಮೆಲ್ಟ್ ಹೀಗೆ ನೋಡಬಹುದು ಅಂತ ಹೇಳಿದರು, 1986ರಲ್ಲಿ ನಿರ್ವಾತದಲ್ಲಿ ಹಿಡಿದಿಟ್ಟ ಒಂಟಿ ಬೇರಿಯಂ ಅಯಾನಿನಲ್ಲಿ ಅದು ಕಂಡಿತು. ಅಯಾನಿನೊಳಗಿನ ಒಂದು ಎಲೆಕ್ಟ್ರಾನ್ ಯಾವಾಗ ಜಿಗಿಯಿತು ಅಂತ ದೀಪ ಆರಿದ್ದು ನೋಡಿ ಹೇಳಬಹುದು ಅಂದರೆ ಸಣ್ಣ ಮಾತಲ್ಲ, ಅಲ್ವಾ?

ಹರಳಿನೊಳಗಿನ ಒಂಟಿ ರೇರ್ ಅರ್ತ್ ಅಯಾನನ್ನು ನೋಡುವುದು ಇನ್ನೂ ಕಷ್ಟವಾಗಿತ್ತು, ಮತ್ತೆ ಅದೇ ಕಾರಣ, ಸೆಕೆಂಡಿಗೆ ಬರುವ ಫೋಟಾನೇ ಕಡಿಮೆ. 2012ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಒಂದು ಪ್ರಾಸಿಯೋಡಿಮಿಯಂ ಅಯಾನನ್ನು ಕಂಡರು. ಎರಡು ಹಂತದಲ್ಲಿ ಮೇಲೇರಿಸಿ, 4ಎಫ್ ಬಿಟ್ಟು ಹೊರಗಿನ ಕವಚಕ್ಕೆ ಕಳಿಸಿದರೆ ಅಲ್ಲಿಂದ ಇಳಿಯಲು ತಡೆ ಇಲ್ಲ, ಬೇಗ ಬೇಗ ಬೆಳಕು ಬರುತ್ತದೆ, ಅದೇ ಉಪಾಯ. ಆಮೇಲೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಎರ್ಬಿಯಂ ಅಯಾನಿನ ಪಕ್ಕದಲ್ಲೇ ಬೆಳಕನ್ನು ಹಿಡಿದಿಡುವ ಸಿಲಿಕಾನಿನ ಪುಟ್ಟ ಕುಹರ ಇಟ್ಟು, ಅದು ಬೆಳಕು ಬಿಡುವ ವೇಗವನ್ನೇ ನೂರಾರು ಪಟ್ಟು ಹೆಚ್ಚಿಸಿದರು. ಎರ್ಬಿಯಂನ 1.5 ಮೈಕ್ರಾನ್ (1,500 ನ್ಯಾನೋಮೀಟರ್ ಆಸುಪಾಸಿನ) ಬೆಳಕು ಟೆಲಿಕಾಂ ಫೈಬರಿನಲ್ಲಿ ಸಲೀಸಾಗಿ ಓಡುತ್ತದೆ, ಕ್ವಾಂಟಮ್ ನೆಟ್‌ವರ್ಕಿನವರ ಕಣ್ಣು ಅದರ ಮೇಲೆ. ಅವರಿಗೆ ಅಯಾನು ಉರಿಯಿತೋ ಆರಿತೋ ಅನ್ನುವುದೇ ಒಳಗಿನ ಸ್ಥಿತಿ ಓದುವ ದಾರಿ. ಡಾಟ್‌ನವರು ವರ್ಷಗಟ್ಟಲೆ ಓಡಿಸಲು ನೋಡಿದ್ದನ್ನು ಇವರು ಕರೆದು ಕೂರಿಸಿಕೊಂಡಿದ್ದಾರೆ.

ಇತ್ತೀಚಿನ ಎರಡು ಕೆಲಸ ಹೇಳದೆ ಬಿಡಲು ಮನಸ್ಸಿಲ್ಲ. ನಮ್ಮ ಹಸಿರಿಗೆ ಎರಡು ಫೋಟಾನ್ ಬೇಕಾದ್ದರಿಂದ, ಮಿತಿಯೊಳಗೆ, ಲೇಸರ್ ಎರಡು ಪಟ್ಟು ಮಾಡಿದರೆ ಹಸಿರು ನಾಲ್ಕು ಪಟ್ಟು. 2021ರಲ್ಲಿ ಥೂಲಿಯಂ ಹೆಚ್ಚಾಗಿ ತುಂಬಿದ ಹರಳುಗಳಲ್ಲಿ ಈ ಎರಡನೇ ಘಾತದ ಬದಲು 26ನೇ ಘಾತ ಕಂಡಿತು. ಲೇಸರ್ ನೂರಕ್ಕೆ ಹತ್ತು ಹೆಚ್ಚಿಸಿದರೆ ಬೆಳಕು ಹನ್ನೆರಡು ಪಟ್ಟು. ಮೇಲೇರಿದ ಒಂದು ಥೂಲಿಯಂ ಪಕ್ಕದವನಿಗೆ ಅರ್ಧ ಶಕ್ತಿ ಕೊಡುತ್ತದೆ, ಈಗ ಇಬ್ಬರು ನಡು ಮಟ್ಟದಲ್ಲಿದ್ದಾರೆ, ಇಬ್ಬರೂ ಮೇಲೇರುತ್ತಾರೆ, ನಾಲ್ವರಾಗುತ್ತಾರೆ, ಹೀಗೆ. ಇದಕ್ಕೆ ಫೋಟಾನ್ ಅವಲಾಂಚ್ ಅನ್ನುತ್ತಾರೆ. 2023ರಲ್ಲಿ ಅಂಥವೇ ಹರಳುಗಳನ್ನು ಬೆಳಕಿನಿಂದಲೇ ಕತ್ತಲು ಮಾಡಿ, ಬೆಳಕಿನಿಂದಲೇ ಮತ್ತೆ ಹೊತ್ತಿಸಿ, ಸಾವಿರಕ್ಕೂ ಹೆಚ್ಚು ಸಲ ಹೀಗೆ ಮಾಡಿದರೂ ಹಾಳಾಗದಂತೆ ತೋರಿಸಿದರು. ಆರುವುದೇ ಇಲ್ಲ ಅನ್ನುವ ಹೆಗ್ಗಳಿಕೆಗೆ ಇದು ಒಳ್ಳೆಯ ತಿದ್ದುಪಡಿ.

ಕೊನೆಗೆ, ಲ್ಯಾಬಿನಲ್ಲಿರುವವರಿಗೆ ಒಂದು ಮಾತು. 25 ನ್ಯಾನೋಮೀಟರಿನ ಎರ್ಬಿಯಂ ಹರಳು ನಿಮ್ಮ ಮೈಕ್ರೋಸ್ಕೋಪಿನಲ್ಲಿ ಮಿಣುಕುತ್ತಿದ್ದರೆ ಹೊಸದೇನೋ ಸಿಕ್ಕಿತು ಅಂತ ಗೈಡ್ ಹತ್ತಿರ ಓಡಬೇಡಿ. ಮೊದಲು ಲೇಸರ್ ಪವರ್ ಅಳೆಯಿರಿ, ಅದು ನೂರಕ್ಕೆ ಐದು ಅಲುಗಿದರೆ ಹಸಿರು ನೂರಕ್ಕೆ ಹತ್ತು ಅಲುಗುತ್ತದೆ, ಅವಲಾಂಚ್ ಹರಳಾದರೆ ಮೂರೂವರೆ ಪಟ್ಟೇ ಆಗಿಬಿಡಬಹುದು. ಆಮೇಲೆ ಫೋಕಸ್ ಜಾರಿದೆಯಾ ನೋಡಿ. ಪಕ್ಕದ ರಸ್ತೆಯಲ್ಲಿ ಮೆಟ್ರೋ ಕೆಲಸ ನಡೆಯುತ್ತಿದ್ದರೆ ಕೇಳುವುದೇ ಬೇಡ. ಮೈಕ್ರೋಸ್ಕೋಪಿನಲ್ಲಿ ಒಂದೇ ಸಲಕ್ಕೆ ಕಾಣುವ ಎಲ್ಲ ಚುಕ್ಕಿಗಳೂ ಒಟ್ಟಿಗೆ ಮಂಕಾಗಿ ಒಟ್ಟಿಗೆ ಹೊಳೆದರೆ ತಪ್ಪು ಉಪಕರಣದ್ದು. ನಿಜವಾದ ಮಿಣುಕು ಒಂದೊಂದು ಕಣಕ್ಕೆ ಒಂದೊಂದು ಹೊತ್ತಿಗೆ ಬರುತ್ತದೆ. ಅದೂ ಅಲ್ಲ ಅಂತಾದರೆ ಅದೇ ಸ್ಲೈಡನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಹಾಕಿ, ಆ ಚುಕ್ಕಿ ನಿಜವಾಗಿಯೂ 25ರ ಹರಳೇನಾ ಅಥವಾ ಮುರಿದು ಬಿದ್ದ ಚೂರಾ ಅಂತ ಅಳತೆ ತೆಗೆಯಿರಿ.